ಹಳೆಯ ಕಾರಿನ ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್: ಸಡಿಲ ಎಲ್ಲಿದೆ?

ನನ್ನ ಹಳೆಯ ಮಾರುತಿ 800 ಕಾರಿನ ಮುಂದಿನ ಎಡ ಟೈರು ವರ್ಷ ತುಂಬುವ ಮೊದಲೇ ಒಂದು ಅಂಚಿನಲ್ಲಿ ನುಣ್ಣಗೆ ಸವೆದುಹೋಯಿತು. ಗ್ಯಾರೇಜಿನಲ್ಲಿ ಎರಡು ಬಾರಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಎರಡು ಸಲವೂ ಯಂತ್ರ ಕೊಟ್ಟ ಚೀಟಿಯಲ್ಲಿ ಎಲ್ಲವೂ ಸರಿಯಾಗಿತ್ತು. ಹೊಸ ಟೈರೂ ಅದೇ ದಾರಿ ಹಿಡಿದಾಗ, ಚಕ್ರವನ್ನು ನೆಲದಿಂದ ಎತ್ತಿಸಿ ಎರಡೂ ಕೈಗಳಿಂದ ಅಲುಗಾಡಿಸಿ ನೋಡಿದೆ. 'ಟಕ್' ಎಂಬ ಸದ್ದು ಬಂತು. ಟೈ ರಾಡಿನ ತುದಿಯಲ್ಲಿರುವ ಬಾಲ್ ಜಾಯಿಂಟ್ ಸವೆದು ಸಡಿಲವಾಗಿತ್ತು. ಅಳತೆಗೆ ಮೊದಲು ಅಳೆಯಬೇಕಾದ ವಸ್ತು ಅಲುಗದಂತೆ ಇದೆಯೇ ಎಂದು ನೋಡಬೇಕು ಎಂದು ಪ್ರಯೋಗಶಾಲೆಯಲ್ಲಿ ವರ್ಷವರ್ಷವೂ ಹೇಳುತ್ತಿದ್ದ ನನಗೇ ಆ ಪಾಠ ಮರೆತಿತ್ತು.

ಮಾರುತಿ 800 ನಮ್ಮ ರಸ್ತೆಗೆ ಇಳಿದದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಈಗಲೂ ಓಡುತ್ತಿರುವ ಇಂಥ ಕಾರುಗಳೆಲ್ಲ ವಯಸ್ಸಾದವು. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ. ಸ್ಟಿಯರಿಂಗ್ ಕೀಲು ಕಳಚಿದರೆ ಕಾರು ನಿಲ್ಲುವುದಿಲ್ಲ, ದಿಕ್ಕು ತಪ್ಪುತ್ತದೆ. ಆದ್ದರಿಂದ ಈ ಭಾಗಗಳ ಭಾಷೆಯನ್ನು ತಿಳಿದಿರುವುದು ಒಳ್ಳೆಯದು.

ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್

ಕಾರಿನ ಭಾರ ಹೊರುವುದು ಶಾಕ್ ಅಬ್ಸಾರ್ಬರ್ ಎಂಬ ತಿಳಿವಳಿಕೆ ಸಾಮಾನ್ಯ. ಇದು ತಪ್ಪು. ಭಾರ ಹೊರುವುದು ಸ್ಪ್ರಿಂಗು. ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ಹಾಯುತ್ತದೆ. ಆಗ ಉಂಟಾಗುವ ರೋಧದಿಂದ ಆಂದೋಲನದ ಶಕ್ತಿ ಉಷ್ಣವಾಗಿ ಮಾರ್ಪಡುತ್ತದೆ. ಇದೇ ಅವಮಂದನ.

ಕಾರಿನ ಭಾರಕ್ಕೆ ಸ್ಪ್ರಿಂಗು 15 ಸೆಂ.ಮೀ. ಕುಗ್ಗಿದೆ ಎಂದಿಟ್ಟುಕೊಳ್ಳಿ. ಗುರುತ್ವ ವೇಗೋತ್ಕರ್ಷ 9.8 ಅನ್ನು 0.15ರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ ಸುಮಾರು 1.3 ಬರುತ್ತದೆ. ಅಂದರೆ ಕಾರಿನ ಒಡಲು ಸೆಕೆಂಡಿಗೆ ಸುಮಾರು 1.3 ಬಾರಿ ಮೇಲೆ ಕೆಳಗೆ ತೂಗುತ್ತದೆ. ಅವಮಂದನ ಅನುಪಾತ 0.3 ಇದ್ದಾಗ ಒಂದು ತೂಗಾಟ ಮುಗಿಯುವಷ್ಟರಲ್ಲಿ ಪಾರವು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಅನುಪಾತ 0.1ಕ್ಕೆ ಕುಸಿದರೆ ಅರ್ಧದಷ್ಟು ಉಳಿದುಬಿಡುತ್ತದೆ. ಹಂಪು ದಾಟಿದ ಮೇಲೂ ಕಾರು ಓಲಾಡುವುದು ಇದರಿಂದ.

ಓಲಾಟ ಬರೀ ಅನನುಕೂಲ; ಅಪಾಯ ಬೇರೆಡೆ ಇದೆ. ಟೈರು ಕೂಡ ಒಂದು ಸ್ಪ್ರಿಂಗು. ಅದರ ಮೇಲೆ ಚಕ್ರ ಸೆಕೆಂಡಿಗೆ ಸುಮಾರು 10 ಬಾರಿ ಕುಪ್ಪಳಿಸಬಲ್ಲದು. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಸತ್ತ ಶಾಕ್ ಅಬ್ಸಾರ್ಬರ್ ಇರುವ ಚಕ್ರ ಸುಮಾರು 1.7 ಮೀಟರಿಗೊಮ್ಮೆ ನೆಲದ ಹಿಡಿತ ಸಡಿಲಿಸುತ್ತದೆ. ಹಿಡಿತವಿಲ್ಲದ ಚಕ್ರ ಬ್ರೇಕಿಗೂ ಬಗ್ಗದು, ಸ್ಟಿಯರಿಂಗಿಗೂ ಬಗ್ಗದು.

ಒಂದು ಕಿ.ಮೀ.ಗೆ ಐದು ಮೀಟರ್

ಮುಂದಿನ ಎರಡು ಚಕ್ರಗಳು ಹೆಚ್ಚುಕಡಿಮೆ ಸಮಾಂತರವಾಗಿರಬೇಕು. ಅವುಗಳ ನಡುವಿನ ಅಂತರವನ್ನು ರಿಮ್ಮಿನ ಮುಂದೆ ಹಾಗೂ ಹಿಂದೆ ಅಳೆದಾಗ, ಇರಬೇಕಾದದ್ದಕ್ಕಿಂತ 3 ಮಿ.ಮೀ. ವ್ಯತ್ಯಾಸ ಬಂತೆನ್ನಿ. 12 ಅಂಗುಲದ ರಿಮ್ಮಿನ ವ್ಯಾಸ ಸುಮಾರು 300 ಮಿ.ಮೀ. ಆದ್ದರಿಂದ ಎರಡೂ ಚಕ್ರ ಸೇರಿ 0.01 ರೇಡಿಯನ್, ಒಂದೊಂದಕ್ಕೆ 0.005 ರೇಡಿಯನ್ ಓರೆ. ಹೀಗಿದ್ದರೆ ಒಂದು ಕಿ.ಮೀ. ಓಡುವಷ್ಟರಲ್ಲಿ ಪ್ರತಿ ಟೈರೂ 5 ಮೀಟರ್ ಅಡ್ಡಲಾಗಿ ಉಜ್ಜಲ್ಪಡುತ್ತದೆ. ಸಾವಿರ ಕಿ.ಮೀ.ಗೆ ಐದು ಕಿ.ಮೀ.! ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದಂತೆ ಒರಟು ಎನಿಸಿದರೆ ಕಾರಣ ಇದೇ ಎಂದು ಶಂಕಿಸಬಹುದು.

ಈ ಕೋನವನ್ನು ಹಿಡಿದಿಡುವುದು ಟೈ ರಾಡು. ಅದರ ತುದಿಯ ಜಾಯಿಂಟಿನಲ್ಲಿ ಒಂದೆರಡು ಮಿ.ಮೀ. ಆಟವಿದ್ದರೆ, ನಿಂತ ಕಾರಿನ ಅಳತೆಗೂ ಓಡುವ ಕಾರಿನ ಕೋನಕ್ಕೂ ಸಂಬಂಧವಿರುವುದಿಲ್ಲ. ನನ್ನ ಚೀಟಿಗಳು ಸುಳ್ಳು ಹೇಳಿರಲಿಲ್ಲ. ಅವು ನಿಂತ ಕಾರಿನ ಬಗ್ಗೆ ಹೇಳಿದ್ದವು, ಅಷ್ಟೆ.

ಸವೆತ ಶುರುವಾಗುವುದೆಲ್ಲಿ?

ಬಾಲ್ ಜಾಯಿಂಟ್ ಎಂದರೆ ಗ್ರೀಸಿನಲ್ಲಿ ಮುಳುಗಿದ ಉಕ್ಕಿನ ಗುಂಡು. ಅದಕ್ಕೊಂದು ರಬ್ಬರಿನ ಟೋಪಿ. ರಬ್ಬರು ಬಿರಿದಾಗ ಗ್ರೀಸು ಹೊರಬಂದು ನೀರು, ಧೂಳು ಒಳಸೇರುತ್ತವೆ. ಧೂಳಿನಲ್ಲಿರುವ ಕ್ವಾರ್ಟ್ಸ್ ಕಣಗಳು ಉಜ್ಜುಕಾಗದದಂತೆ ಕೆಲಸ ಮಾಡುತ್ತವೆ. ಬಿರುಕು ಕಂಡಾಗಲೇ ರಬ್ಬರು ಬದಲಿಸಿದರೆ ಖರ್ಚು ಅಲ್ಪ. ತಡಮಾಡಿದರೆ ಜಾಯಿಂಟೇ ಹೋಗುತ್ತದೆ. ರಬ್ಬರು ಗಾಳಿಯ ಓಜೋನಿನಿಂದ, ಶಾಖದಿಂದ ಸುಮ್ಮನಿದ್ದರೂ ಗಡುಸಾಗುತ್ತದೆ. ಹಾಗಾಗಿ ಶೆಡ್ಡಿನಲ್ಲೇ ನಿಂತಿದ್ದ ಕಾರಿನ ಬುಷ್‌ಗಳೂ ಹಳೆಯವೇ.

ಪರೀಕ್ಷೆಯ ಕ್ರಮ

1. ಮೊದಲು ಟೈರಿನ ಗಾಳಿಯ ಒತ್ತಡ ನೋಡಿ. ಕಾರು ಒಂದು ಕಡೆ ಎಳೆಯಲು ಇದೊಂದೇ ಕಾರಣವಿರಬಹುದು.

2. ಚಕ್ರ ಎತ್ತಿ, ಗಡಿಯಾರದ 9 ಮತ್ತು 3ರ ಸ್ಥಾನದಲ್ಲಿ ಹಿಡಿದು ಅಲುಗಿಸಿ. ಆಟವಿದ್ದರೆ ಮುಖ್ಯ ಶಂಕೆ ಟೈ ರಾಡು ಅಥವಾ ಸ್ಟಿಯರಿಂಗ್ ರ‍್ಯಾಕಿನ ಮೇಲೆ.

3. 12 ಮತ್ತು 6ರ ಸ್ಥಾನದಲ್ಲಿ ಹಿಡಿದು ಅಲುಗಿಸಿ. ಆಟವಿದ್ದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ. ಆಟ ಮಾಯವಾದರೆ ದೋಷ ಚಕ್ರದ ಬೇರಿಂಗಿನದು. ಉಳಿದರೆ ಕೆಳಗಿನ ಬಾಲ್ ಜಾಯಿಂಟಿನದು ಇರಬಹುದು. ಈ ಜಾಯಿಂಟ್ ಕಳಚಿದರೆ ಚಕ್ರದ ಬುಡವೇ ಜಾರುತ್ತದೆ. ಇದನ್ನು 'ಮುಂದಿನ ತಿಂಗಳು' ಎನ್ನಬೇಡಿ.

4. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿದೆಯೇ ನೋಡಿ. ಬದಲಿಸುವಾಗ ಎಡ-ಬಲ ಜೋಡಿಯಾಗಿ ಬದಲಿಸಿ.

5. ಸಡಿಲವೆಲ್ಲ ಹೋದ ಮೇಲೆ, ಕೊನೆಗೆ ಅಲೈನ್‌ಮೆಂಟ್. ಟೈ ರಾಡು ಬಿಚ್ಚಿದ ಮೇಲಂತೂ ಇದು ಕಡ್ಡಾಯ.

ಎರಡು ಎಚ್ಚರಿಕೆಗಳು. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ಎಂದೂ ನುಸುಳಬಾರದು. ಗಟ್ಟಿ ಸ್ಟ್ಯಾಂಡು ಇರಲೇಬೇಕು. ಮುಂದಿನ ಸ್ಪ್ರಿಂಗನ್ನು ಮನೆಯಲ್ಲಿ ಬಿಚ್ಚಬೇಡಿ. 2,000 ನ್ಯೂಟನ್ ಭಾರ ಹೊತ್ತು 15 ಸೆಂ.ಮೀ. ಕುಗ್ಗಿದ ಸ್ಪ್ರಿಂಗಿನಲ್ಲಿ ಸುಮಾರು 150 ಜೂಲ್ ಶಕ್ತಿ ಅಡಗಿರುತ್ತದೆ. ಇದು 15 ಕಿಲೋ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಸರಿಯಾದ ಕಂಪ್ರೆಸರ್ ಇರುವ ಅನುಭವಿ ಮೆಕ್ಯಾನಿಕ್ಕಿಗೆ ಆ ಕೆಲಸ ಬಿಡಿ.

ಮಾಡಿ ನೋಡಿ

ಸ್ಪ್ರಿಂಗಿಗೆ ತೂಕ ತೂಗುಹಾಕಿ ಗಾಳಿಯಲ್ಲಿ ಆಡಿಸಿ. ಬಳಿಕ ತೂಕ ನೀರಿನಲ್ಲಿ, ಆಮೇಲೆ ಹರಳೆಣ್ಣೆಯಲ್ಲಿ ಮುಳುಗಿರುವಂತೆ ಆಡಿಸಿ. ಪ್ರತಿ ಬಾರಿಯೂ ಪಾರ ಅರ್ಧಕ್ಕಿಳಿಯಲು ಎಷ್ಟು ತೂಗಾಟ ಬೇಕಾಯಿತು ಎಂದು ಎಣಿಸಿ. ಆನಂತರ ಶಾಲೆಯ ಅಂಗಳದಲ್ಲಿ ನಿಂತ ಹಳೆಯ ಕಾರೊಂದರ ಮೂಲೆಯನ್ನು, ಮಾಲೀಕರ ಒಪ್ಪಿಗೆ ಪಡೆದು, ಒತ್ತಿ ಬಿಡಿ. ಎರಡು ಮೂರು ಬಾರಿ ತೂಗಿದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಬೇಗ ನಿಂತರೆ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಅರೆಬರೆ ಸವೆತವನ್ನು ಈ ಪರೀಕ್ಷೆ ಹಿಡಿಯದು. ತೂಗಿದರೆ ಮಾತ್ರ ಮಾಲೀಕರಿಗೆ ಹೇಳಲು ಮರೆಯಬೇಡಿ.