ಬಾಣಂತನ ಮುಗಿಯಿತೇ? ನಾಲ್ಕು ದಿನ ರೇಷ್ಮೆಯೂರಿಗೆ ಹೊರಡಿ

ಮಗಳೋ ಸೊಸೆಯೋ ಪ್ಯಾರಿಸ್ಸಿನಲ್ಲೋ ಜರ್ಮನಿಯಲ್ಲೋ ಇದ್ದಾಳೆ. ಹೆರಿಗೆಗೆ ಅಮ್ಮ ಬರಲೇಬೇಕು. ನೀವೂ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಬಾಣಂತಿ ಲೇಹ್ಯ ಎಲ್ಲಾ ಕಟ್ಟಿಕೊಂಡು ವಿಮಾನ ಹತ್ತುತ್ತೀರಿ. ಆಮೇಲೆ ಮೂರು ತಿಂಗಳು ಮಗುವಿಗೆ ಎಣ್ಣೆ-ನೀರು, ತಾಯಿಗೆ ಪಥ್ಯ, ಅಳಿಯಂದಿರಿಗೆ ಬಿಸಿ ಅಡುಗೆ. ಕಿಟಕಿಯಾಚೆ ಕಾಣುವುದು ಎದುರು ಮನೆಯ ಗೋಡೆ. ಊರಿಗೆ ಮರಳಿದ ಮೇಲೆ ಪಕ್ಕದ ಮನೆಯಾಕೆ "ಏನೇನು ನೋಡಿದ್ರಿ?" ಅಂತ ಕೇಳಿದರೆ ಹೇಳೋದಕ್ಕೆ ಏನಿರುತ್ತೆ? ಐಫೆಲ್ ಗೋಪುರದ ಮುಂದೆ ತೆಗೆಸಿಕೊಂಡ ಒಂದು ಫೋಟೋ, ಅಷ್ಟೆ.

ಎಲ್ಲರ ಕಥೆಯೂ ಹೀಗೇ ಅಂತಲ್ಲ. ಆದರೆ ಇದು ಎಷ್ಟು ಮನೆಗಳಲ್ಲಿ ನಡೆಯುತ್ತಿದೆ ಎಂಬುದು ನಿಮಗೇ ಗೊತ್ತು. ಮಕ್ಕಳದ್ದೂ ಪೂರ್ತಿ ತಪ್ಪಲ್ಲ, ಬಿಡಿ. "ಅಮ್ಮ, ರಜ ಇದೆ, ಎಲ್ಲಾದ್ರೂ ಹೋಗೋಣ್ವಾ?" ಅಂತ ಮಗಳು ಕೇಳಿದರೆ ನಮ್ಮ ಬಾಯಲ್ಲಿ ಮೊದಲು ಬರುವ ಮಾತೇ "ನೀವು ಹೋಗಿಬನ್ನಿ, ನಾನು ಮಗೂನ ನೋಡ್ಕೋತೀನಿ" ಎಂಬುದು. ಅದೊಂದು ಮಾತನ್ನು ಈ ಸಲ ಆಡಬೇಡಿ. ಅದರ ಬದಲು ಎಲ್ಲಿಗೆ, ಯಾವಾಗ, ಏನು ನೋಡೋದು ಎಂದು ನೀವೇ ಹೇಳಿ. ಮಕ್ಕಳು ಟಿಕೆಟ್ಟು ಮಾಡಿಸಲಿ, ಯೋಜನೆ ಮಾತ್ರ ನಿಮ್ಮದಾಗಿರಲಿ.

ಎಲ್ಲಿಗೆ ಎಂದಿರಾ? ಫ್ರಾನ್ಸಿನ ಲಿಯೋನ್ ನಗರಕ್ಕೆ.

ಪ್ಯಾರಿಸ್ಸಿನಲ್ಲಿ ನೋಡಲಿಕ್ಕೆ ಬೇಕಾದಷ್ಟಿದೆ, ನಿಜ. ಆದರೆ ಒಂದು ರೇಷ್ಮೆ ಸೀರೆಯನ್ನಾದರೂ ಟ್ರಂಕಿನ ತಳದಲ್ಲಿ ಮಡಿಸಿಟ್ಟುಕೊಂಡಿರುವ ನಮ್ಮಂಥವರಿಗೆ ಲಿಯೋನ್ ಪರಕೀಯ ಊರೇ ಅಲ್ಲ. ಅದು ರೇಷ್ಮೆ ನೇಯ್ದು ಬದುಕಿದ ಊರು. 1536ರಲ್ಲಿ ಅಲ್ಲಿನ ದೊರೆ ಮೊದಲನೆಯ ಫ್ರಾನ್ಸ್ವಾ ರೇಷ್ಮೆ ನೇಕಾರರಿಗೆ ವಿಶೇಷ ಸವಲತ್ತು ಕೊಟ್ಟ ಮೇಲೆ ಯೂರೋಪಿನ ಅರಮನೆಗಳಿಗೆಲ್ಲ ಇಲ್ಲಿಂದ ಬಟ್ಟೆ ಹೋಗತೊಡಗಿತು. ಸೀರೆ ಅಂಗಡಿಯಲ್ಲಿ "ಇದು ಜಕಾರ್ಡ್ ಮಗ್ಗದ್ದು ಮೇಡಂ" ಅಂತ ಹೇಳುವುದನ್ನು ಕೇಳಿದ್ದೀರಲ್ಲ? ಆ ಜಕಾರ್ಡ್ ಎಂಬುದು ಒಬ್ಬ ಮನುಷ್ಯನ ಹೆಸರು. ಜೋಸೆಫ್ ಮಾರಿ ಜಕಾರ್ಡ್ 1752ರಲ್ಲಿ ಹುಟ್ಟಿದ್ದು ಇದೇ ಲಿಯೋನಿನಲ್ಲಿ.

ದಿನ ನೋಡುವುದು

ಮೊದಲು ಮಗಳ ಮನೆಯ ಕ್ಯಾಲೆಂಡರ್ ಕೈಗೆ ತೆಗೆದುಕೊಳ್ಳಿ. ಫ್ರಾನ್ಸಿನಲ್ಲಿ ಮೇ ತಿಂಗಳೆಂದರೆ ರಜೆಗಳ ತಿಂಗಳು. ಮೇ 1 ಕಾರ್ಮಿಕರ ದಿನ, ಮೇ 8 ಎರಡನೆಯ ಮಹಾಯುದ್ಧ ಮುಗಿದ ದಿನ. ಇನ್ನು ಯೇಸುಸ್ವಾಮಿಯ ಸ್ವರ್ಗಾರೋಹಣದ ಹಬ್ಬ ಯಾವಾಗಲೂ ಗುರುವಾರವೇ ಬರುತ್ತದೆ. ಜರ್ಮನಿಯಲ್ಲೂ ಅಂದು ರಜೆ. ನಡುವಿನ ಶುಕ್ರವಾರ ಒಂದು ದಿನ ರಜೆ ಹಾಕಿದರೆ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ ಸಿಕ್ಕಿತು. ಫ್ರೆಂಚರು ಇದಕ್ಕೆ 'ಸೇತುವೆ ಕಟ್ಟೋದು' ಎಂಬರ್ಥದ ಮಾತನ್ನೇ ಬಳಸುತ್ತಾರೆ. 2027ರಲ್ಲಿ ಆ ಗುರುವಾರ ಮೇ 6ಕ್ಕೆ ಬರುತ್ತದೆ. ಮೇ 1ರಂದು ಮಾತ್ರ ಹೋಗಬೇಡಿ, ಅಂಗಡಿ, ವಸ್ತುಸಂಗ್ರಹಾಲಯ ಎಲ್ಲಾ ಬಾಗಿಲು ಹಾಕಿರುತ್ತವೆ.

ನೀವು ಸೇತುವೆ ಕಟ್ಟುವ ದಿನಗಳಲ್ಲೇ ಇಡೀ ಫ್ರಾನ್ಸೂ ಹೊರಟಿರುತ್ತದೆ. ಹೊರಡುವ ದಿನ ಹತ್ತಿರ ಬಂದಷ್ಟೂ ರೈಲಿನ ಟಿಕೆಟ್ಟು ದುಬಾರಿ. ಎರಡು-ಮೂರು ತಿಂಗಳು ಮುಂಚೆಯೇ ಮಾಡಿಸಿದರೆ ಅರ್ಧದಷ್ಟು ಖರ್ಚಿನಲ್ಲಿ ಮುಗಿಯುವುದುಂಟು. ಪ್ಯಾರಿಸ್ಸಿನಿಂದ ಅತಿವೇಗದ ಟೆಜೆವೆ ರೈಲಿನಲ್ಲಿ ಲಿಯೋನಿಗೆ ಎರಡೇ ಗಂಟೆ. 1981ರಲ್ಲಿ ಈ ರೈಲು ಮೊದಲು ಓಡಿದ್ದೂ ಇದೇ ಹಾದಿಯಲ್ಲಿ. ಜಿನೀವಾದಿಂದಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಮಗಳು ಬೇರೆ ದೇಶದಲ್ಲಿದ್ದರೆ "ವೀಸಾ ಏನು ಮಾಡೋದು?" ಎಂದು ಹೆದರಬೇಡಿ. ನಿಮಗೆ ಕೊಟ್ಟಿರುವ ಷೆಂಗೆನ್ ವೀಸಾ ಸಾಮಾನ್ಯವಾಗಿ 29 ದೇಶಗಳಿಗೂ ನಡೆಯುತ್ತದೆ. ಆದರೆ ಅದರ ಲೆಕ್ಕ ಮರೆಯಬಾರದು: ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ರೈಲಿನಲ್ಲಿ ಗಡಿ ದಾಟುವಾಗ ಪಾಸ್‌ಪೋರ್ಟಿನ ಮೂಲ ಪ್ರತಿ ಕೈಚೀಲದಲ್ಲೇ ಇರಲಿ. ವೀಸಾಕ್ಕೆಂದು ಮಾಡಿಸಿದ ವೈದ್ಯಕೀಯ ವಿಮೆಯ ಕಾಗದ, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು, ಅವುಗಳ ಚೀಟಿ ಕೂಡ ಜೊತೆಗಿರಲಿ.

ಮಂಡಿಗೆ ಮರ್ಯಾದೆ ಕೊಡಿ

ಲಿಯೋನ್ ಎರಡು ನದಿಗಳು ಕೂಡುವ ಊರು. ಒಂದು ರೋನ್, ಇನ್ನೊಂದು ಸೋನ್. ಊರಿನ ಎದೆಯ ಮೇಲೆ ಎರಡು ಗುಡ್ಡಗಳಿವೆ. ಫೂರ್ವಿಯೇರ್ ಗುಡ್ಡದ ಮೇಲೆ ಚರ್ಚು, ಮಠಗಳು. ಕ್ರುವಾ-ರೂಸ್ ಗುಡ್ಡದ ಮೇಲೆ ನೇಕಾರರ ಕೇರಿ. ಅಲ್ಲಿನವರು ಒಂದನ್ನು ಪ್ರಾರ್ಥಿಸುವ ಗುಡ್ಡ, ಇನ್ನೊಂದನ್ನು ದುಡಿಯುವ ಗುಡ್ಡ ಎನ್ನುತ್ತಾರೆ. ನಾನಾದರೆ ಮೊದಲ ದಿನ ಕೊಡುವುದು ದುಡಿಯುವ ಗುಡ್ಡಕ್ಕೇ.

ಎರಡು ಗುಡ್ಡಗಳ ಹೆಸರು ಕೇಳಿ ಮಂಡಿ ಈಗಲೇ ನೋಯಲು ಶುರುವಾಯಿತೇ? ಉಪಾಯ ಸುಲಭ: ಹತ್ತೋದು ರೈಲಿನಲ್ಲಿ, ಇಳಿಯೋದು ಮಾತ್ರ ಕಾಲಿನಲ್ಲಿ. ಕ್ರುವಾ-ರೂಸ್‌ಗೆ ಹಲ್ಲುಗಾಲಿಯ ಮೆಟ್ರೋ ಹತ್ತುತ್ತದೆ, ಫೂರ್ವಿಯೇರ್‌ಗೆ ಹಗ್ಗದಿಂದ ಎಳೆಯುವ ಪುಟ್ಟ ರೈಲಿದೆ. ಇಳಿಯುವುದೂ ಕಷ್ಟವಾದರೆ ಅದರಲ್ಲೇ ಮರಳಿ ಬನ್ನಿ, ಯಾರೂ ನಗುವುದಿಲ್ಲ. ಬೀದಿಗಳೆಲ್ಲ ಕಲ್ಲುಹಾಸು. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಳ್ಳಿ, ಚಪ್ಪಲಿಯ ಹಟ ಬೇಡ. ಮಗುವಿನ ತಳ್ಳುಗಾಡಿಗಿಂತ ಎದೆಗೆ ಕಟ್ಟಿಕೊಳ್ಳುವ ಜೋಳಿಗೆ ಇಲ್ಲಿ ವಾಸಿ, ಮೆಟ್ಟಿಲು ಅಷ್ಟಿವೆ. ಮೇ ತಿಂಗಳ ಬೆಳಗು-ಸಂಜೆ ಚಳಿ ಇರುತ್ತದೆ, ಒಂದು ಸ್ವೆಟರ್ ಇರಲಿ.

ಇನ್ನು ಉಳಿಯುವ ಜಾಗ. ಅಡುಗೆಮನೆ ಇರುವ ಪುಟ್ಟ ಬಾಡಿಗೆ ಮನೆಯನ್ನೇ ಹುಡುಕಲು ಹೇಳಿ. ಲಿಫ್ಟ್ ಇದೆಯೇ ಎಂದು ಕೇಳಿಸಿ. ಹಳೆಯ ಕಟ್ಟಡಗಳಲ್ಲಿ ನಾಲ್ಕನೇ ಮಹಡಿಗೂ ಮೆಟ್ಟಿಲೇ ಗತಿ. ರಾತ್ರಿ ಒಂದು ಅನ್ನ-ಸಾರು ಆದರೆ ಮಗುವಿನ ತಾಯಿಗೂ ಹಿತ, ಖರ್ಚೂ ಕಡಿಮೆ.

ಗುರುವಾರ ರಜೆಯ ದಿನವಾದ್ದರಿಂದ ಊರು ಸೇರಿ ನದೀದಡದಲ್ಲಿ ತಿರುಗಾಡಿದರೆ ಸಾಕು. ಶುಕ್ರವಾರ ಬೆಳಿಗ್ಗೆ ಕ್ರುವಾ-ರೂಸ್ ಹತ್ತಿ. ಅಲ್ಲಿಯ ಚೌಕದಲ್ಲಿ ಜಕಾರ್ಡನ ಪ್ರತಿಮೆ ಇದೆ. ಮನೆಗಳ ಕಿಟಕಿಗಳನ್ನು ಗಮನಿಸಿ, ಎಷ್ಟು ಉದ್ದುದ್ದ! ಹೊಸ ಮಗ್ಗ ಎಷ್ಟು ಎತ್ತರವಿತ್ತೆಂದರೆ ಅದಕ್ಕಾಗಿ ನಾಲ್ಕು ಮೀಟರಿನಷ್ಟು ಎತ್ತರದ ಕೋಣೆಗಳನ್ನು ಕಟ್ಟಿದರು. ಮಗ್ಗದ ಪಕ್ಕದಲ್ಲೇ ಒಲೆ, ಅಟ್ಟದ ಮೇಲೆ ಹಾಸಿಗೆ. ನಮ್ಮ ನೇಕಾರರ ಕೇರಿಗಳನ್ನು ನೋಡಿದವರಿಗೆ ಇದರಲ್ಲಿ ಹೊಸದೇನಿದೆ? ಅಲ್ಲಿನ ನೇಕಾರರಿಗೆ 'ಕಾನ್ಯೂ' ಎಂದು ಹೆಸರು. 'ಮೇಜೋನ್ ದೆ ಕಾನ್ಯೂ', ಅಂದರೆ ನೇಕಾರರ ಮನೆ, ಎಂಬ ಕಡೆ ಈಗಲೂ ಕೈಮಗ್ಗದಲ್ಲಿ ನೇಯ್ದು ತೋರಿಸುತ್ತಾರೆ. ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ.

ಮಗ್ಗದ ಮುಂದೆ ನಿಂತಾಗ ಮೇಲೆ ನೋಡಿ. ತೂತು ಕೊರೆದ ರಟ್ಟಿನ ಹಲಗೆಗಳ ಸರಮಾಲೆ ತೂಗಾಡುತ್ತಿರುತ್ತದೆ. ತೂತು ಇರುವ ಕಡೆ ಸೂಜಿ ಒಳಹೋಗುತ್ತದೆ, ಹಾಸಿನ ಆ ಎಳೆ ಮೇಲೇಳುತ್ತದೆ. ತೂತು ಇಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಮ್ಮೆ ಓಡಿದರೆ ಹೊಕ್ಕಿನ ಒಂದು ಸಾಲು. ಮುಂದಿನ ಸಾಲಿಗೆ ಮುಂದಿನ ರಟ್ಟು. ಹೂವು, ಹಕ್ಕಿ, ಬಳ್ಳಿ ಎಲ್ಲಾ ಈ ತೂತುಗಳ ಲೆಕ್ಕದಲ್ಲೇ ಅಡಗಿರುತ್ತದೆ. 1804ರ ಹೊತ್ತಿಗೆ ಜಕಾರ್ಡ್ ಇದನ್ನು ಸಾಧಿಸಿದ. ಅದಕ್ಕೆ ಮುಂಚೆ ಒಬ್ಬ ಹುಡುಗ ಮಗ್ಗದ ಪಕ್ಕದಲ್ಲಿ ದಿನವಿಡೀ ದಾರ ಎಳೆಯುತ್ತಾ ನಿಲ್ಲಬೇಕಾಗಿತ್ತು. 1839ರಲ್ಲಿ ಜಕಾರ್ಡನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಹಿಡಿದ ರಟ್ಟುಗಳು ಸುಮಾರು 24,000! ಆ ಚಿತ್ರದ ಒಂದು ಪ್ರತಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜರ ಬಳಿ ಇತ್ತು. ತಮ್ಮ ಲೆಕ್ಕದ ಯಂತ್ರಕ್ಕೆ ಇಂಥದೇ ತೂತಿನ ರಟ್ಟುಗಳನ್ನು ಬಳಸಬೇಕೆಂದು ಅವರು ಯೋಚಿಸಿದ್ದರು. ನಿಮ್ಮ ಅಳಿಯ ಕಂಪ್ಯೂಟರ್ ಕೆಲಸದವರಾಗಿದ್ದರೆ ಈ ಮಾತನ್ನು ನೀವೇ ಅವರಿಗೆ ಹೇಳಿ, ಮುಖ ನೋಡುವಂತಿರುತ್ತದೆ!

ರೇಷ್ಮೆ ಹೊಳೆದಷ್ಟು ನೇಕಾರರ ಬಾಳು ಹೊಳೆಯಲಿಲ್ಲ. ಗಜಕ್ಕಿಷ್ಟು ಕೂಲಿ ಎಂದು ಒಪ್ಪಿದ ದರವನ್ನು ಹಲವು ವ್ಯಾಪಾರಿಗಳು ಕೊಡದಿದ್ದಾಗ 1831ರ ನವೆಂಬರಿನಲ್ಲಿ ಈ ಗುಡ್ಡದಿಂದ ನೇಕಾರರು ದಂಗೆಯೆದ್ದು ಇಳಿದರು. 1834ರಲ್ಲಿ ಮತ್ತೊಮ್ಮೆ ಎದ್ದರು. ಎರಡೂ ಸಲ ಸೈನ್ಯ ಬಂದು ಅಡಗಿಸಿತು. 1869ರ ಬೇಸಿಗೆಯಲ್ಲಿ ಹೆಂಗಸರ ಸರದಿ. ರೇಷ್ಮೆ ನೂಲನ್ನು ಹುರಿ ಮಾಡುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಕೂಲಿ ಹೆಚ್ಚಿಸಿ, ದುಡಿಮೆಯ ಹೊತ್ತು ತಗ್ಗಿಸಿ ಎಂದು ಮುಷ್ಕರ ಹೂಡಿದರು. ಅವರಲ್ಲಿ ಅನೇಕರು ಹಳ್ಳಿಗಳಿಂದ ಬಂದು ಕಾರ್ಖಾನೆಯಲ್ಲೇ ಮಲಗುತ್ತಿದ್ದ ಹುಡುಗಿಯರು. ಕೆಲಸ ಬಿಟ್ಟರೆ ಮಲಗುವ ಜಾಗವೂ ಹೋಯಿತು. ಆದರೂ ನಿಂತರು.

ಗುಡ್ಡ ಇಳಿಯುವಾಗ 'ಟ್ರಾಬೂಲ್' ಎಂಬ ಒಳದಾರಿಗಳಲ್ಲಿ ಬನ್ನಿ. ಒಂದು ಬೀದಿಯ ಬಾಗಿಲು ತಳ್ಳಿದರೆ ಮನೆಗಳ ನಡುವೆ, ಅಂಗಳದ ಮೂಲಕ ಹಾದು ಇನ್ನೊಂದು ಬೀದಿಗೆ ಬಿಡುತ್ತದೆ. ನೇಯ್ದ ಬಟ್ಟೆ ಮಳೆಯಲ್ಲಿ ನೆನೆಯದಂತೆ ಸಾಗಿಸಲು ಅನುಕೂಲವಾಗಿದ್ದ ಈ ದಾರಿಗಳು ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಕಣ್ಣು ತಪ್ಪಿಸಿ ಓಡಾಡಿದವರಿಗೂ ಒದಗಿದವು. 'ಕೂರ್ ದೆ ವೊರಾಸ್' ಎಂಬಲ್ಲಿನ ದೊಡ್ಡ ಕಲ್ಲಿನ ಮೆಟ್ಟಿಲನ್ನು ನೋಡಲೇಬೇಕು. ಆದರೆ ಇವು ಜನ ವಾಸವಿರುವ ಮನೆಗಳ ಅಂಗಳ. ನಮ್ಮ ವಠಾರದೊಳಗೆ ಅಪರಿಚಿತರು ಬಂದು ಗಲಾಟೆ ಮಾಡಿದರೆ ಹೇಗಿರುತ್ತೆ? ಮೆಲ್ಲಗೆ ಹೋಗಿ.

ಕೋಲಾರ, ರಾಮನಗರ, ಶಿಡ್ಲಘಟ್ಟದ ಕಡೆಯ ಓದುಗರಿಗೆ ಇನ್ನೊಂದು ವಿಷಯ. ಗಂಟುರೋಗ ಬಂದು ಹುಳುವೆಲ್ಲ ಸತ್ತು ಚಂದ್ರಿಕೆ ಖಾಲಿಯಾದ ಮನೆಯ ಸಂಕಟ ನಿಮಗೆ ಗೊತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇದೇ ರೋಗ ಫ್ರಾನ್ಸಿನ ರೇಷ್ಮೆ ಸಾಕಣೆಯನ್ನು ಹಾಳುಮಾಡಿ, ಲಿಯೋನಿನ ಮಗ್ಗಗಳು ಏಷ್ಯಾದ ನೂಲಿಗೆ ಕೈಚಾಚಬೇಕಾಯಿತು. 1865ರಿಂದ ಲೂಯಿ ಪಾಶ್ಚರರು ಇದರ ಬೆನ್ನುಹತ್ತಿದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಯನ್ನು ಸುಡುವ ಕ್ರಮವನ್ನು ಕಂಡುಕೊಂಡರು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಚಿಟ್ಟೆಯನ್ನು ಪರೀಕ್ಷಿಸುವುದು ಅದೇ ಕ್ರಮದ ಮೇಲೆ.

ಶನಿವಾರ ಫೂರ್ವಿಯೇರ್. ಮೇಲೆ 1872ರಲ್ಲಿ ಕಟ್ಟಲು ಆರಂಭಿಸಿದ ಬೆಳ್ಳನೆಯ ದೊಡ್ಡ ಚರ್ಚು, ಸ್ವಲ್ಪ ಕೆಳಗೆ ಎರಡು ಸಾವಿರ ವರ್ಷ ಹಿಂದಿನ ರೋಮನರ ರಂಗಮಂದಿರ. ಈ ಊರನ್ನು ರೋಮನರು ಸ್ಥಾಪಿಸಿದ್ದು ಕ್ರಿ.ಪೂ. 43ರಲ್ಲಿ. ಇನ್ನೂ ಕೆಳಗಿನ ಹಳೆಯ ಪೇಟೆ ಒಂದು ಸಂಜೆಯ ನಡಿಗೆಗೆ ಹೇಳಿಮಾಡಿಸಿದ ಹಾಗಿದೆ. ಡಿಸೆಂಬರಿನಲ್ಲಿ ಅಲ್ಲಿರುವವರಿಗೆ ಬೇರೆಯೇ ನೋಟ: 1852ರಿಂದ ಡಿಸೆಂಬರ್ 8ರ ರಾತ್ರಿ ಮನೆಮನೆಯ ಕಿಟಕಿಯಲ್ಲೂ ಸಣ್ಣ ದೀಪ ಹಚ್ಚಿಡುತ್ತಾರೆ, ಥೇಟ್ ನಮ್ಮ ಕಾರ್ತಿಕದ ಹಾಗೆ. ಆದರೆ ಆಗಿನ ಜನಸಂದಣಿಯಲ್ಲಿ ಕೈಗೂಸನ್ನು ಕರೆದೊಯ್ಯುವುದು ನನಗಂತೂ ಸರಿಕಾಣದು.

ಊಟದ ಮಾತು

ಲಿಯೋನ್ ಊಟಕ್ಕೆ ಹೆಸರಾದ ಊರು. ಆ ಹೆಸರನ್ನು ತಂದವರಲ್ಲಿ ಹೆಂಗಸರೇ ಮುಂದು. ಸಾಹುಕಾರರ ಮನೆಗಳಲ್ಲಿ ಅಡುಗೆಗಿದ್ದವರು ಹೊರಬಂದು ಸ್ವಂತ ಹೋಟೆಲು ತೆರೆದರು. ಅವರನ್ನು ಜನ 'ಮೇರ್', ಅಂದರೆ ಅಮ್ಮ, ಎಂದೇ ಕರೆದರು. ಅವರಲ್ಲಿ ಯೂಜೆನಿ ಬ್ರಾಜಿಯೇ 1895ರಲ್ಲಿ ಹಳ್ಳಿಯಲ್ಲಿ ಹುಟ್ಟಿ, ಮನೆಗೆಲಸಕ್ಕೆ ಬಂದು, 1921ರಲ್ಲಿ ತಮ್ಮದೇ ಹೋಟೆಲಿಟ್ಟರು. 1933ರಲ್ಲಿ ಅವರ ಎರಡು ಹೋಟೆಲುಗಳಿಗೂ ಮಿಷೆಲಿನ್ ಪುಸ್ತಕದ ಮೂರು ಮೂರು ನಕ್ಷತ್ರ ದೊರೆತವು. ಜಗತ್ಪ್ರಸಿದ್ಧ ಬಾಣಸಿಗ ಪಾಲ್ ಬೊಕೂಸ್ ಈಕೆಯ ಅಡುಗೆಮನೆಯಲ್ಲಿ ಕೆಲಸ ಕಲಿತವರು.

ಸಸ್ಯಾಹಾರಿಗಳಿಗೆ ಮಾತ್ರ ಇಲ್ಲಿನ ಸಾಂಪ್ರದಾಯಿಕ ಹೋಟೆಲುಗಳಲ್ಲಿ ಪರದಾಟವೇ. ಎಲ್ಲಾ ಮಾಂಸಮಯ. "ಸಾನ್ ವಿಯಾಂದ್, ಸಾನ್ ಪ್ವಾಸೋನ್" ಎಂದರೆ ಮಾಂಸ ಬೇಡ, ಮೀನು ಬೇಡ ಎಂದರ್ಥ, ಬಾಯಿಪಾಠ ಮಾಡಿಟ್ಟುಕೊಳ್ಳಿ. ಅಲ್ಲಿನ ಅನೇಕ ಚೀಸ್‌ಗಳಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ. ಕಟ್ಟುನಿಟ್ಟಿನವರು ಕೇಳಿ ತಿನ್ನಬೇಕು. ಯಾವ ಅಂಗಡಿಗೆ ಹೋದರೂ ಮೊದಲು "ಬೋನ್‌ಜೂರ್" ಎನ್ನಿ. ನಮಸ್ಕಾರ ಹೇಳದೆ ಬೆಲೆ ಕೇಳುವುದು ಅಲ್ಲಿ ಒರಟುತನ.

ಭಾನುವಾರ ಬೆಳಿಗ್ಗೆ ಕ್ರುವಾ-ರೂಸ್‌ನ ಸಂತೆಗೆ ಹೋಗಿ ಹಣ್ಣು, ಬ್ರೆಡ್ಡು ಕೊಂಡು ರೈಲಿಗೆ ಬುತ್ತಿ ಮಾಡಿಕೊಳ್ಳಿ. ರೇಷ್ಮೆಯ ಸ್ಕಾರ್ಫ್ ಕೊಳ್ಳುವ ಆಸೆಯಿದ್ದರೆ ಅದನ್ನು ಶನಿವಾರವೇ ಮುಗಿಸಿ, ಭಾನುವಾರ ಬಹಳಷ್ಟು ಅಂಗಡಿಗಳಿಗೆ ರಜೆ. ಕೊಳ್ಳುವಾಗ ಚೀಟಿಯಲ್ಲಿ 'ಸ್ವಾ' ಎಂದಿದೆಯೇ ಓದಿಸಿ. ಅದೇ ರೇಷ್ಮೆ. ಪ್ರವಾಸಿಗರ ಬೀದಿಯಲ್ಲಿ ಪಾಲಿಯೆಸ್ಟರೂ ರೇಷ್ಮೆಯ ಹಾಗೇ ಮಿನುಗುತ್ತದೆ.

ನೇಕಾರರ ಚಟ್ನಿ

ಕಾನ್ಯೂಗಳ ಬಡ ಊಟವೊಂದಕ್ಕೆ 'ಸೆರ್ವೆಲ್ ದ ಕಾನ್ಯೂ' ಎಂದು ಹೆಸರು, ಅರ್ಥ 'ನೇಕಾರನ ಮಿದುಳು'! ಹೆದರಬೇಡಿ, ಅದು ಬರೀ ತಾಜಾ ಗಿಣ್ಣಿನಂಥ ಬಿಳಿ ಚೀಸು. ನಮ್ಮ ಮನೆಯಲ್ಲಿ ಹೀಗೆ ಮಾಡಬಹುದು: ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನಾಲ್ಕು ಗಂಟೆ ತೂಗುಹಾಕಿ. ನೀರು ಸೋರಿದ ಮೇಲೆ ಚೆನ್ನಾಗಿ ಕಡೆದು, ಸಣ್ಣಗೆ ಹೆಚ್ಚಿದ ಎರಡು ಸಾಂಬಾರ್ ಈರುಳ್ಳಿ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಈರುಳ್ಳಿ ಸೊಪ್ಪು, ಸ್ವಲ್ಪ ಕೊತ್ತಂಬರಿ ಸೊಪ್ಪು, ಉಪ್ಪು, ಮೆಣಸಿನಪುಡಿ (ಕರಿಮೆಣಸಿನದು), ಒಂದು ಚಮಚ ಎಣ್ಣೆ, ಅರ್ಧ ಚಮಚ ವಿನಿಗರ್ ಬೆರೆಸಿ. ಒಂದು ಗಂಟೆ ತಣ್ಣಗಿಟ್ಟು ಬ್ರೆಡ್ಡಿಗೋ ಬೇಯಿಸಿದ ಆಲೂಗಡ್ಡೆಗೋ ಹಚ್ಚಿ ಕೊಡಿ. ಅಕ್ಕಿರೊಟ್ಟಿಗೂ ಚೆನ್ನಾಗಿರುತ್ತದೆ.