ಬಾಟಲಿಯೊಳಗಿನ ಜರೀಗಿಡ

ಲಂಡನ್ನಿನ ಪೂರ್ವಭಾಗದ ವೆಲ್‌ಕ್ಲೋಸ್ ಚೌಕದಲ್ಲಿ ಆ ವೈದ್ಯನ ಮನೆಯಿತ್ತು. ಸುತ್ತಲೂ ಕಾರ್ಖಾನೆಗಳು, ಅವುಗಳ ನೆತ್ತಿಯ ಮೇಲೆ ಹೊಗೆಕೊಳವೆಗಳು. ಹಗಲು ರಾತ್ರಿ ಎನ್ನದೆ ಕಲ್ಲಿದ್ದಲಿನ ಮಸಿ ಉದುರುತ್ತಲೇ ಇತ್ತು. ಇಂಥ ಜಾಗದಲ್ಲಿ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಜರೀಗಿಡ ಬೆಳೆಸುವ ಹಟ ತೊಟ್ಟಿದ್ದ.

ಹಟಕ್ಕೆ ಹಳೆಯ ಕಾರಣವೊಂದಿತ್ತು. ವಾರ್ಡ್ 13ರ ಹುಡುಗನಾಗಿದ್ದಾಗ ಹಡಗು ಹತ್ತಿ ಜಮೈಕಾಕ್ಕೆ ಹೋಗಿ ಬಂದಿದ್ದ. ಜರೀಗಿಡಗಳು ಮರದಂತೆ ಕಾಂಡ ಕಟ್ಟಿ ನಿಲ್ಲುವ ಬೆಟ್ಟಗಳ ನಾಡು ಅದು. ಅಲ್ಲಿನ ತಾಳೆ, ಜರಿಗಳ ಹಸಿರು ಅವನ ಕಣ್ಣಿಗೆ ಅಂಟಿಕೊಂಡೇ ಬಂತು. ಬೆಳೆದು ಅಪ್ಪನಂತೆ ವೈದ್ಯನಾದ. ಆದರೆ ರೋಗಿಗಳು ಬರುವ ಮೊದಲೇ, ಬೆಳಗಿನ ಜಾವಕ್ಕೆ ಎದ್ದು ಗಿಡ ಹುಡುಕಲು ಊರಾಚೆಗೆ ಹೋಗುವುದನ್ನು ಬಿಡಲಿಲ್ಲ.

ತಂದ ಗಿಡಗಳಿಗಾಗಿ ಹಿತ್ತಲಲ್ಲಿ ಕಲ್ಲುಗುಡ್ಡೆಯೊಂದನ್ನು ಪೇರಿಸಿದ. ಅದರ ತುದಿಯಲ್ಲಿ ತೂತುಗಳಿದ್ದ ಕೊಳವೆ ಇಟ್ಟು ಹನಿಹನಿಯಾಗಿ ನೀರು ಇಳಿಯುವಂತೆ ಮಾಡಿದ. ಕಾಡಿನ ಜರೀಗಿಡ, ಹಾವಸೆಗಳನ್ನು ಸಂದಿಸಂದಿಗೆ ನೆಟ್ಟ. ನೆರಳಿತ್ತು, ನೀರಿತ್ತು, ಕಾಳಜಿಗೆ ಕೊರತೆಯೇ ಇರಲಿಲ್ಲ. ಆದರೂ ಒಂದೊಂದಾಗಿ ಗಿಡಗಳೆಲ್ಲ ಸೊರಗಿ ಸತ್ತವು. ಮತ್ತೆ ತಂದ, ಮತ್ತೆ ನೆಟ್ಟ, ಮತ್ತೆ ಸತ್ತವು. ಕೊನೆಗೆ ವಾರ್ಡ್ ಕೈಚೆಲ್ಲಿ ಕುಳಿತ.

1829ರ ಬೇಸಿಗೆಯಲ್ಲಿ ಅವನ ಗಮನ ಹರಿದದ್ದು ಪತಂಗದ ಕಡೆಗೆ. ಸ್ಫಿಂಕ್ಸ್ ಪತಂಗದ ಕೋಶವೊಂದು ಒಡೆದು ರೆಕ್ಕೆಹುಳು ಹೊರಬರುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಅಗಲ ಬಾಯಿಯ ಗಾಜಿನ ಬಾಟಲಿಯ ತಳಕ್ಕೆ ಒದ್ದೆ ಮಣ್ಣು ಹಾಕಿ, ಅದರೊಳಗೆ ಕೋಶವನ್ನು ಹೂತು, ಮೇಲೆ ಮುಚ್ಚಳ ಬಿಗಿದ. ದಿನವೂ ಬಾಟಲಿಯನ್ನು ನೋಡುವುದು ರೂಢಿಯಾಯಿತು. ಹಗಲು ಬಿಸಿಯೇರಿದಾಗ ಮಣ್ಣಿನ ತೇವ ಆವಿಯಾಗಿ ಮೇಲೇರುತ್ತಿತ್ತು, ಗಾಜಿನ ಒಳಮೈಗೆ ಮಂಜಿನಂತೆ ಕೂರುತ್ತಿತ್ತು, ಹನಿಗಟ್ಟಿ ಕೆಳಗಿಳಿದು ಮತ್ತೆ ಮಣ್ಣನ್ನೇ ಸೇರುತ್ತಿತ್ತು. ಮಣ್ಣು ಒಣಗಲೇ ಇಲ್ಲ.

ಪತಂಗ ಹೊರಬರಲು ಸುಮಾರು ಒಂದು ವಾರವಿತ್ತು. ಅಂದು ಮಣ್ಣಿನ ಮೇಲೆ ಏನೋ ಹಸಿರು ಕಂಡಿತು. ಕಣ್ಣು ಕಿರಿದಾಗಿಸಿ ನೋಡಿದರೆ ಒಂದು ಹುಲ್ಲಿನ ಮೊಳಕೆ. ಅದರ ಜೊತೆಗೇ ಒಂದು ಪುಟ್ಟ ಜರೀಗಿಡ!

ಬೇರೆ ಯಾರಾದರೂ ಆಗಿದ್ದರೆ ಕಳೆ ಎಂದು ಕಿತ್ತೆಸೆಯುತ್ತಿದ್ದರು. ವರ್ಷಗಟ್ಟಲೆ ಸೋತಿದ್ದ ವಾರ್ಡ್‌ಗೆ ಮಾತ್ರ ಅದು ಕಳೆಯಾಗಿ ಕಾಣಲಿಲ್ಲ. ಕಲ್ಲುಗುಡ್ಡೆಯ ಮೇಲೆ ಎಷ್ಟು ಉಪಚರಿಸಿದರೂ ಬದುಕದಿದ್ದ ಜಾತಿಯ ಗಿಡ ಯಾರೂ ನೆಡದೆ, ಯಾರೂ ನೀರುಣಿಸದೆ ತಾನಾಗಿ ಹುಟ್ಟಿತ್ತು. ಈ ಗಿಡಕ್ಕೆ ಬೇಕಾದದ್ದು ಏನು, ಹಿತ್ತಲಲ್ಲಿ ಸಿಗದೆ ಬಾಟಲಿಯಲ್ಲಿ ಸಿಕ್ಕಿದ್ದು ಯಾವುದು ಎಂದು ಅವನು ತನ್ನನ್ನೇ ಕೇಳಿಕೊಂಡ. ಬೆಳಕು, ತೇವ, ಮಸಿಯಿಲ್ಲದ ಗಾಳಿ ಎಂದು ಒಂದೊಂದನ್ನೇ ಲೆಕ್ಕ ಹಾಕಿದ. ಪತಂಗದ ಕತೆ ಅಲ್ಲಿಗೆ ಮುಗಿಯಿತು.

ವಾರ್ಡ್ ಆ ಬಾಟಲಿಯನ್ನು ತನ್ನ ಓದುಕೋಣೆಯ ಕಿಟಕಿಯ ಹೊರಗೆ, ಉತ್ತರ ದಿಕ್ಕಿಗೆ ಇಟ್ಟ. ಬಿಸಿಲು ತೀರಾ ಕಡಿಮೆ ಬೀಳುವ ಜಾಗ ಅದು. ಲಂಡನ್ನಿನ ಚಳಿಗಾಲ ಬಂತು, ಹೋಯಿತು. ಮುಂದಿನ ಚಳಿಗಾಲವೂ ಬಂತು. ಬಾಟಲಿಗೆ ಬೆಂಕಿಯ ಕಾವಿಲ್ಲ, ಹೊಸ ನೀರಿಲ್ಲ. ಜರೀಗಿಡ ವರ್ಷ ವರ್ಷವೂ ಹೊಸ ಸುರುಳಿಗಳನ್ನು ಬಿಚ್ಚಿತು. ಹುಲ್ಲು ಒಮ್ಮೆ ಹೂವನ್ನೂ ಬಿಟ್ಟಿತು. ಹೀಗೆ ಸುಮಾರು ನಾಲ್ಕು ವರ್ಷ ಕಳೆದವು. ವಾರ್ಡ್ ಊರಲ್ಲಿಲ್ಲದ ಒಂದು ದಿನ ತುಕ್ಕು ಹಿಡಿದಿದ್ದ ಮುಚ್ಚಳ ತೂತಾಗಿ ಮಳೆನೀರು ಒಳನುಗ್ಗಿತು. ಮರಳಿ ಬಂದಾಗ ಎರಡೂ ಸತ್ತಿದ್ದವು. ನಾಲ್ಕು ಚಳಿಗಾಲ ಮಾಡಲಾಗದ್ದನ್ನು ಒಂದು ತುಕ್ಕಿನ ತೂತು ಮಾಡಿತ್ತು.

ಅಷ್ಟರಲ್ಲಿ ವಾರ್ಡ್ ಒಂದೇ ಬಾಟಲಿಯನ್ನು ನಂಬಿ ಕೂತಿರಲಿಲ್ಲ. ಹ್ಯಾಕ್ನಿಯಲ್ಲಿ ದೊಡ್ಡ ನರ್ಸರಿ ನಡೆಸುತ್ತಿದ್ದ ಜಾರ್ಜ್ ಲಾಡಿಜಸ್ ಅವನ ಜೊತೆಗೂಡಿದ. ಮರದ ಚೌಕಟ್ಟಿಗೆ ಗಾಜು ಕೂರಿಸಿ, ಸಂದುಗಳಿಗೆ ಮೆತ್ತುಹಾಕಿ ಪೆಟ್ಟಿಗೆಗಳನ್ನು ಮಾಡಿಸಿದರು. ಮೆಟ್ಟಿಲ ಕಿಟಕಿಯ ಹೊರಗೆ ಎಂಟಡಿ ಚೌಕದ ಗಾಜಿನ ಮನೆಯೊಂದು ಎದ್ದಿತು. ಅದರೊಳಗೆ ಟಿಂಟರ್ನ್ ಮಠದ ಪಾಳುಕಿಟಕಿಯ ಪುಟ್ಟ ಮಾದರಿ, ಅದನ್ನು ತಬ್ಬಿಕೊಂಡ ಹತ್ತಾರು ಬಗೆಯ ಗಿಡಗಳು. ಅಲ್ಲೂ ಒಲೆಯಿಲ್ಲ, ಬಿಸಿನೀರಿನ ಕೊಳವೆಯಿಲ್ಲ.

ಲಾಡಿಜಸ್‌ಗೆ ಇದರಲ್ಲಿ ಅಂದವನ್ನು ಮೀರಿದ ಆಸಕ್ತಿಯಿತ್ತು. ದೂರದೇಶದಿಂದ ಹಡಗಿನಲ್ಲಿ ಗಿಡ ತರಿಸುವುದೇ ಅವನ ವ್ಯಾಪಾರ, ಅದರಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಗಿಡ ದಾರಿಯಲ್ಲೇ ಸಾಯುತ್ತಿದ್ದವು. ಚೀನಾದ ಕಡೆ ಇದ್ದ ವೈದ್ಯ ಜಾನ್ ಲಿವಿಂಗ್‌ಸ್ಟನ್ ಲೆಕ್ಕ ಇನ್ನೂ ಘೋರ. ಬದುಕಿ ಇಂಗ್ಲೆಂಡ್ ಮುಟ್ಟುವ ಒಂದು ಗಿಡಕ್ಕೆ ಸಾವಿರ ಗಿಡ ಬಲಿಯಾಗುತ್ತವೆ ಎಂದು ಅವನು 1819ರಲ್ಲೇ ಬರೆದಿದ್ದ. ಉಪ್ಪುಗಾಳಿ ಎಲೆ ಸುಡುತ್ತಿತ್ತು. ಕುಡಿಯುವ ನೀರಿಗೇ ಬರವಿರುವ ಹಡಗಿನಲ್ಲಿ ಗಿಡಕ್ಕೆ ನೀರು ಕೊಡುವವರಿರಲಿಲ್ಲ. ಗಾಳಿಗೆ ಅಂಜಿ ಒಳಗಿಟ್ಟರೆ ಕತ್ತಲೆ ಕೊಲ್ಲುತ್ತಿತ್ತು.

1833ರಲ್ಲಿ ವಾರ್ಡ್ ದೊಡ್ಡ ಪಂಥಕ್ಕೆ ಇಳಿದ. ಜರೀಗಿಡ, ಹಾವಸೆ, ಹುಲ್ಲು ತುಂಬಿದ ಎರಡು ಪೆಟ್ಟಿಗೆಗಳನ್ನು ಕಪ್ತಾನ ಚಾರ್ಲ್ಸ್ ಮಲ್ಲಾರ್ಡ್‌ನ ಹಡಗಿಗೆ ಏರಿಸಿ ಆಸ್ಟ್ರೇಲಿಯಾಕ್ಕೆ ಕಳಿಸಿದ. ಪೆಟ್ಟಿಗೆಗಳು ಡೆಕ್ಕಿನ ಮೇಲೇ ಇರಬೇಕು, ಬೆಳಕು ಬೀಳಬೇಕು, ತೆರೆಯಬಾರದು. ತಿಂಗಳುಗಳು ಉರುಳಿದವು. ಕೊನೆಗೆ ಹೋಬಾರ್ಟಿನಿಂದ ಕಪ್ತಾನನ ಪತ್ರ ಬಂತು. ಬಾಡಿದ ಎರಡು ಮೂರು ಜರಿಗಳನ್ನು ಬಿಟ್ಟರೆ ಎಲ್ಲವೂ ಬದುಕಿದ್ದವು. ಹುಲ್ಲಂತೂ ಪೆಟ್ಟಿಗೆಯ ಮುಚ್ಚಳವನ್ನೇ ನೂಕುವಂತೆ ಬೆಳೆದಿತ್ತು.

ನಿಜವಾದ ಪರೀಕ್ಷೆ ಇದ್ದದ್ದು ಮರಳುವ ದಾರಿಯಲ್ಲಿ. 1834ರ ಫೆಬ್ರವರಿಯಲ್ಲಿ ಸಿಡ್ನಿಯಲ್ಲಿ ಅದೇ ಪೆಟ್ಟಿಗೆಗಳಿಗೆ ಆಸ್ಟ್ರೇಲಿಯಾದ ಗಿಡಗಳನ್ನು ತುಂಬಿದರು. ಅಲ್ಲಾಗ 32ರಿಂದ 38 ಡಿಗ್ರಿ ಸೆಲ್ಸಿಯಸ್ ಸೆಕೆ. ಹಡಗು ಕೇಪ್ ಹಾರ್ನ್ ಸುತ್ತುವ ಹೊತ್ತಿಗೆ ಪಾದರಸ ಸೊನ್ನೆಗಿಂತ 7 ಡಿಗ್ರಿ ಕೆಳಗಿಳಿಯಿತು. ಡೆಕ್ಕಿನ ಮೇಲೆ ಒಂದಡಿ ಹಿಮ ಬಿತ್ತು. ಆ ಹಿಮದ ನಡುವೆ ತೆಳುವಾದ ಗಾಜು, ಗಾಜಿನ ಹಿಂದೆ ಬೆಚ್ಚನೆಯ ನಾಡಿನ ಜರೀಗಿಡಗಳು. ಮುಂದೆ ರಿಯೋ ಬಂದರಿನಲ್ಲಿ ಮತ್ತೆ 38 ಡಿಗ್ರಿ, ಸಮಭಾಜಕ ದಾಟುವಾಗ 49. ಇಂಗ್ಲಿಷ್ ಕಾಲುವೆಗೆ ಬಂದಾಗ ಬರೇ 4. ಅಷ್ಟೂ ದಿನ ಒಂದು ಹನಿ ನೀರನ್ನೂ ಯಾರೂ ಹಾಕಿರಲಿಲ್ಲ.

ಹಡಗು ಲಂಡನ್ ತಲುಪಿದಾಗ ವಾರ್ಡ್, ಲಾಡಿಜಸ್ ಇಬ್ಬರೂ ಹತ್ತಿ ಹೋದರು. ಗಾಜಿನ ಆಚೆ ಹವಳದ ಕವಲುಗಳಂಥ ಎಲೆಗಳನ್ನು ಹರಡಿಕೊಂಡು ಗ್ಲೈಕೇನಿಯಾ ಜರೀಗಿಡ ನಿಂತಿತ್ತು. ಆ ಗಿಡ ಜೀವಂತವಾಗಿ ಇಂಗ್ಲೆಂಡಿಗೆ ಬಂದದ್ದು ಅದೇ ಮೊದಲು. ಲಾಡಿಜಸ್‌ನ ಮುಖ ಅರಳಿತು. ಆ ಕ್ಷಣದ ಅವನ ಸಂತೋಷವನ್ನು ವಾರ್ಡ್ ಮುಂದೆ ತನ್ನ ಪುಸ್ತಕದಲ್ಲಿ ಮರೆಯದೆ ದಾಖಲಿಸಿದ. ದಾರಿಯಲ್ಲೇ ಬೀಜದಿಂದ ಮೊಳೆತ ಸಸಿಗಳೂ ಪೆಟ್ಟಿಗೆಯಲ್ಲಿ ನಳನಳಿಸುತ್ತಿದ್ದವು. ಮುಂದೆ ಲಾಡಿಜಸ್‌ನ ಲೆಕ್ಕವೇ ತಿರುಗಿ ನಿಂತಿತು. ಇಪ್ಪತ್ತಕ್ಕೆ ಹತ್ತೊಂಬತ್ತು ಗಿಡ ಸಾಯುತ್ತಿದ್ದ ಕಡೆ ಈಗ ಹತ್ತೊಂಬತ್ತು ಬದುಕತೊಡಗಿದವು.

ಗಾಜಿನೊಳಗೆ ಜರಿ ಬೆಳೆದವರಲ್ಲಿ ವಾರ್ಡ್ ಮೊದಲಿಗನಲ್ಲ. ಸ್ಕಾಟ್ಲೆಂಡಿನ ಮ್ಯಾಕನೋಕಿ ಎಂಬ ಸಸ್ಯಪ್ರಿಯ ಕೆಲವು ವರ್ಷ ಮೊದಲೇ ಅದನ್ನು ಮಾಡಿದ್ದ, ಆದರೆ ಪ್ರಕಟಿಸಲಿಲ್ಲ. ವಾರ್ಡ್ ಮಾತ್ರ ಏಕೆ, ಹೇಗೆ ಎಂದು ಬೆನ್ನು ಹತ್ತಿದ. ತಾನು ಕಂಡದ್ದನ್ನು ಎಲ್ಲರಿಗೂ ಬಿಚ್ಚಿಟ್ಟ, 1842ರಲ್ಲಿ ಪುಸ್ತಕವನ್ನೂ ತಂದ. ಕೀರ್ತಿ ಅವನಿಗೆ ಸಂದದ್ದು ನ್ಯಾಯವೇ.

ಅವನ ಪೆಟ್ಟಿಗೆ ಎಲ್ಲ ಕಷ್ಟಕ್ಕೂ ಮದ್ದಾಗಲಿಲ್ಲ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಪೆರುವಿನಿಂದ ಮಲೇರಿಯಾ ಮದ್ದಿನ ಸಿಂಕೋನಾ ಸಸಿಗಳನ್ನು ಇಂಥವೇ ಪೆಟ್ಟಿಗೆಗಳಲ್ಲಿ ನೀಲಗಿರಿಗೆ ತಂದ. ಕೆಂಪು ಸಮುದ್ರದ ಧಗೆಗೆ ಅವು ಜರ್ಜರಿತವಾಗಿ ಊಟಿಯಲ್ಲಿ ಪ್ರಾಣಬಿಟ್ಟವು. ಮರುವರ್ಷ ರಾಬರ್ಟ್ ಕ್ರಾಸ್ ತಂದ ಎಕ್ವೆಡಾರಿನ ಸಸಿಗಳು ಅದೇ ಬೆಟ್ಟದಲ್ಲಿ ಬೇರೂರಿದವು.

ಇಷ್ಟೆಲ್ಲದರ ಹಿಂದಿನ ಗುಟ್ಟು ಸರಳವಾಗಿತ್ತು. ಪೆಟ್ಟಿಗೆ ಪೂರ್ತಿ ಗಾಳಿಬಿಗಿ ಆಗಿರಲಿಲ್ಲ. ಸಣ್ಣ ಸಂದುಗಳಲ್ಲಿ ಗಾಳಿ ಮೆಲ್ಲಗೆ ಹೋಗಿಬರುತ್ತಿತ್ತು. ಮಸಿ, ಉಪ್ಪು, ಬೀಸುಗಾಳಿ ಮಾತ್ರ ಹೊರಗೇ ಉಳಿಯುತ್ತಿದ್ದವು. ಎಲೆಯಿಂದ ಹೊರಟ ನೀರು ಗಾಜಿಗೆ ತಾಗಿ ಬೇರಿಗೇ ಮರಳುತ್ತಿತ್ತು. ಒಳಗಿನ ಗಾಳಿ ನಿಶ್ಚಲ, ಮಣ್ಣು ತೇವ. ಹಾಗಾಗಿ ಹೊರಗಿನ ಚಳಿ ಒಳಗೆ ತಡವಾಗಿ, ಮೊನಚು ಕಳೆದುಕೊಂಡು ಇಳಿಯುತ್ತಿತ್ತು. ಚಳಿನಾಡಿನ ತೋಟಗಾರರು ಟಾಸ್ಮೇನಿಯಾದ ಮರಜರೀಗಿಡಗಳನ್ನು ಚಳಿಗಾಲ ದಾಟಿಸುವಾಗಲೂ ನಂಬುವುದು ನಿಂತ ಗಾಳಿಯನ್ನೇ. ಆ ಮರದ ಜೀವವೆಲ್ಲ ಕಾಂಡದ ನೆತ್ತಿಯಲ್ಲಿ, ಬಿಚ್ಚದ ಸುರುಳಿಗಳ ನಡುವಿನ ಒಂದೇ ಮೊಗ್ಗಿನಲ್ಲಿದೆ. ಅಲ್ಲಿಗೆ ಒಣಹುಲ್ಲು ತುರುಕಿ, ಹಳೆಯ ಗರಿಗಳನ್ನು ಮೇಲಕ್ಕೆ ಮಡಚಿ ಕಟ್ಟುತ್ತಾರೆ. ಅಲ್ಲಿ ಗಾಜಿನ ಕೆಲಸವನ್ನು ಹುಲ್ಲು ಮಾಡುತ್ತದೆ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಮಹಾಪ್ರದರ್ಶನ ನಡೆಯಿತು. ಯಂತ್ರ, ರೇಷ್ಮೆ, ರತ್ನಗಳ ರಾಶಿಯ ನಡುವೆ ವಾರ್ಡ್ ಒಂದು ಬಾಟಲಿಯನ್ನು ಇಟ್ಟಿದ್ದ. ಅದರೊಳಗೆ ಜರೀಗಿಡ, ಹಾವಸೆ ಹಸಿರಾಗಿದ್ದವು. 18 ವರ್ಷಗಳಿಂದ ಅವುಗಳಿಗೆ ಯಾರೂ ನೀರು ಹಾಕಿರಲಿಲ್ಲ.