ಷೇರು ಕೊಳ್ಳುವ ಮುನ್ನ ‘ಮನೆತನ’ ವಿಚಾರಿಸಿ

ಸಂಬಂಧ ಬೆಳೆಸುವ ಮುನ್ನ ಮನೆತನ ವಿಚಾರಿಸುವುದು ನಮ್ಮಲ್ಲಿ ರೂಢಿ. ಹುಡುಗ ಪುಣೆಯಲ್ಲಿರಲಿ, ಪುತ್ತೂರಿನಲ್ಲಿರಲಿ, ಎರಡೇ ದಿನದಲ್ಲಿ ಅವನ ಪೂರ್ವಾಪರ ಕೈಗೆ ಸಿಗುತ್ತದೆ. ಆದರೆ ವರ್ಷಗಟ್ಟಲೆ ಕೂಡಿಟ್ಟ ಎರಡು–ಮೂರು ಲಕ್ಷ ರೂಪಾಯಿಯನ್ನು ಷೇರಿಗೆ ಹಾಕುವಾಗ, ಆ ಕಂಪನಿ ನಡೆಸುವವರು ಹಿಂದೆ ಏನು ಮಾಡುತ್ತಿದ್ದರು ಎಂದು ಕೇಳುವವರು ಕಡಿಮೆ. ಲಾಭದ ಅಂಕಿ ನೋಡುತ್ತೇವೆ, ಗ್ರಾಫ್ ನೋಡುತ್ತೇವೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಗ್ರೇ ಮಾರ್ಕೆಟ್ ಪ್ರೀಮಿಯಂ’ ನೋಡುತ್ತೇವೆ. ಮನುಷ್ಯರನ್ನು ನೋಡುವುದಿಲ್ಲ.

ನಾನಿರುವ ಹೈದರಾಬಾದಿಗೆ ಈ ಪಾಠ ಹೊಸದೇನಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರ ಇಡೀ ಷೇರುಪೇಟೆಯನ್ನು ನಡುಗಿಸಿತು. ಕಂಪನಿ ತನ್ನ ಬಳಿ ಇದೆ ಎಂದು ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಅದಕ್ಕೆ ಕೆಲವೇ ತಿಂಗಳ ಹಿಂದೆ ಉತ್ತಮ ಆಡಳಿತಕ್ಕೆಂದು ಕಂಪನಿಗೆ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಮತ್ತಿತರರಿಗೆ 7 ವರ್ಷಗಳ ಜೈಲು ಶಿಕ್ಷೆ ವಿಧಿಸಿತು.

ಲೆಕ್ಕಪರಿಶೋಧಕರು ಸಹಿ ಹಾಕಿದ ಸುಳ್ಳು ಶಿಲ್ಕನ್ನು ಸಾಮಾನ್ಯ ಹೂಡಿಕೆದಾರ ಪತ್ತೆಹಚ್ಚುವುದು ಸಾಧ್ಯವಿರಲಿಲ್ಲ. ಆದರೆ ಎರಡು ಸಂಗತಿಗಳು ಎಲ್ಲರ ಕಣ್ಣಮುಂದೆಯೇ ಇದ್ದವು. ಒಂದು, ಪ್ರವರ್ತಕರ ಷೇರು ಪಾಲು ವರ್ಷದಿಂದ ವರ್ಷಕ್ಕೆ ಕರಗುತ್ತ ಒಂದಂಕಿಗೆ ಇಳಿದಿತ್ತು. ಎರಡು, ಅದೇ ಕುಟುಂಬ ಮೇಟಾಸ್ ಹೆಸರಿನಲ್ಲಿ ಭೂಮಿ ಮತ್ತು ನಿರ್ಮಾಣದ ವ್ಯವಹಾರ ನಡೆಸುತ್ತಿತ್ತು. 2008ರ ಡಿಸೆಂಬರ್‌ನಲ್ಲಿ ಸತ್ಯಂ ಹಣದಿಂದ ಮೇಟಾಸ್‌ನ ಎರಡು ಕಂಪನಿಗಳನ್ನು ಕೊಳ್ಳಲು ಹೊರಟಾಗ ಹೂಡಿಕೆದಾರರು ಸಿಡಿದೆದ್ದರು. ಖರೀದಿ ಕೈಬಿಡಬೇಕಾಯಿತು, ಮೂರೇ ವಾರದಲ್ಲಿ ಗುಟ್ಟು ಹೊರಬಿತ್ತು. ಲೆಕ್ಕದ ಪುಸ್ತಕ ಮುಚ್ಚಿಟ್ಟದ್ದನ್ನು ಪ್ರವರ್ತಕರ ಇತರ ವ್ಯವಹಾರ ತೋರಿಸಿಕೊಟ್ಟಿತು.

ಇಂದು ಇಂಥ ವಿಚಾರಣೆ ಅಷ್ಟು ಕಷ್ಟವಲ್ಲ. ಭಾರತದ ಯಾವುದೇ ಕಂಪನಿಯ ನಿರ್ದೇಶಕರಿಗೆ ‘ಡಿನ್’ ಎಂಬ 8 ಅಂಕಿಯ ಗುರುತಿನ ಸಂಖ್ಯೆ ಇರುತ್ತದೆ. ಕಂಪನಿ ಬದಲಾದರೂ ಸಂಖ್ಯೆ ಬದಲಾಗದು. ಐಪಿಒ ದಾಖಲೆಯಲ್ಲಿ, ವಾರ್ಷಿಕ ವರದಿಯಲ್ಲಿ ಅದು ಸಿಗುತ್ತದೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಆ ವ್ಯಕ್ತಿ ಯಾವ ಯಾವ ಕಂಪನಿಗಳಲ್ಲಿದ್ದಾರೆ ಎಂಬುದು ಗೊತ್ತಾಗುತ್ತದೆ. ಆ ಕಂಪನಿಗಳ ಹೆಸರು ಹಾಕಿದರೆ ಅವು ನಡೆಯುತ್ತಿವೆಯೇ, ನೋಂದಣಿಯಿಂದ ತೆಗೆದುಹಾಕಲಾಗಿದೆಯೇ, ದಿವಾಳಿ ಪ್ರಕ್ರಿಯೆಯಲ್ಲಿವೆಯೇ ಎಂಬುದೂ ತಿಳಿಯುತ್ತದೆ. ಸತತ 3 ವರ್ಷ ಲೆಕ್ಕಪತ್ರ ಸಲ್ಲಿಸದ ಕಂಪನಿಯ ನಿರ್ದೇಶಕರು 5 ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ಸರ್ಕಾರ ಈ ನಿಯಮದಡಿ 3 ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹಗೊಳಿಸಿತ್ತು.

ಮುಂದಿನ ಹೆಜ್ಜೆ ಸೆಬಿ ಜಾಲತಾಣ. ಯಾರ ಮೇಲೆ ನಿಷೇಧ, ಯಾರಿಗೆ ದಂಡ ಎಂಬ ಆದೇಶಗಳೆಲ್ಲ ಅಲ್ಲಿವೆ. ಸಾಲ ತೀರಿಸುವ ಶಕ್ತಿಯಿದ್ದೂ ತೀರಿಸದೆ, ಬ್ಯಾಂಕುಗಳು ಮೊಕದ್ದಮೆ ಹೂಡಿದವರ ಪಟ್ಟಿಯನ್ನು ಸಿಬಿಲ್ ಜಾಲತಾಣದಲ್ಲಿ ಹಣ ಕೊಡದೆಯೇ ನೋಡಬಹುದು. ಕಂಪನಿ ಕಾನೂನು ನ್ಯಾಯಮಂಡಳಿಯ ಆದೇಶಗಳನ್ನೂ ಹೆಸರು ಹಾಕಿ ಹುಡುಕಬಹುದು. ಐಪಿಒ ದಾಖಲೆ ನೂರಾರು ಪುಟ ಇರುತ್ತದೆ ನಿಜ. ಪೂರ್ತಿ ಓದಲಾಗದಿದ್ದರೆ ಆಡಳಿತ ಮಂಡಳಿ, ಪ್ರವರ್ತಕರು, ಬಾಕಿ ಇರುವ ಮೊಕದ್ದಮೆಗಳು ಎಂಬ ಮೂರು ಅಧ್ಯಾಯ ಓದಿದರೂ ಸಾಕಷ್ಟು ತಿಳಿಯುತ್ತದೆ.

ಹಾವೇರಿ ಕಡೆಯ ನನ್ನ ಕಿರಿಯ ಸಹೋದ್ಯೋಗಿಯೊಬ್ಬ ಒಂದು ಎಸ್‌ಎಂಇ ಐಪಿಒಗೆ ಅರ್ಜಿ ಹಾಕಲು ಹೊರಟಿದ್ದ. ಇಂಥ ಐಪಿಒಗಳಲ್ಲಿ ಕನಿಷ್ಠ ಅರ್ಜಿಯೇ ಲಕ್ಷ ರೂಪಾಯಿ ದಾಟುತ್ತದೆ. ತಂಗಿಯ ಎಂಜಿನಿಯರಿಂಗ್ ಫೀಸಿಗೆಂದು ಇಟ್ಟ ದುಡ್ಡು. ‘ಅಣ್ಣಾರ, ಎಂಡಿಗೆ ಇಪ್ಪತ್ತು ವರ್ಷದ ಅನುಭವ ಐತಂತ್ರಿ’ ಎಂದ. ಆ ಇಪ್ಪತ್ತು ವರ್ಷ ಎಲ್ಲಿ ಕಳೆದವು ನೋಡೋಣ ಎಂದು ಒಂದು ಭಾನುವಾರ ಇಬ್ಬರೂ ಕುಳಿತೆವು. ಡಿನ್ ಹಿಡಿದು ಹೊರಟರೆ ಹಳೆಯ ಎರಡು ಕಂಪನಿಗಳು ನೋಂದಣಿಯಿಂದಲೇ ಹೋಗಿದ್ದವು. ಮೂರನೆಯದು ದಿವಾಳಿಯಾಗಿತ್ತು. ನ್ಯಾಯಮಂಡಳಿಯ ಆದೇಶದಲ್ಲಿ ಬಾಕಿ ಬರಬೇಕಿದ್ದ ಸಣ್ಣ ಪೂರೈಕೆದಾರರ ಉದ್ದನೆಯ ಪಟ್ಟಿ. ಕಂಪನಿ ಮುಳುಗುವ ಮುನ್ನ ಅದರ ಹಣ ಕುಟುಂಬದ್ದೇ ಇನ್ನೊಂದು ಸಂಸ್ಥೆಗೆ ಸಾಲವಾಗಿ ಹೋಗಿತ್ತು. ಪ್ರಚಾರದ ಹಾಳೆಯಲ್ಲಿ ಇದೆಲ್ಲ ‘ವೈವಿಧ್ಯಮಯ ಉದ್ಯಮ ಅನುಭವ’ ಎಂಬ ಮೂರು ಪದಗಳಲ್ಲಿ ಮುಗಿದಿತ್ತು.

ಅವನು ಕೇಳಿದ ಪ್ರಶ್ನೆಯೂ ಸರಿಯಾಗಿಯೇ ಇತ್ತು: ‘ದಂಧೇದಾಗ ಒಂದು ಮುಳುಗತೈತಿ, ಒಂದು ತೇಲತೈತಿ. ಅಷ್ಟಕ್ಕ ಮನಷ್ಯಾನ್ನ ಕೆಟ್ಟವ ಅನ್ನಾಕ ಬರ್ತೈತೇನ್ರಿ?’

ಬರುವುದಿಲ್ಲ. ಸೋಲು ಅಪರಾಧವಲ್ಲ. ಸೋತು ಕಲಿತವರು ಗೆಲ್ಲದವರೇನಲ್ಲ. ಹಾಗಾಗಿ ನಾವು ನೋಡಬೇಕಾದದ್ದು ಸೋಲನ್ನಲ್ಲ, ಸೋತಾಗ ನಡೆದುಕೊಂಡ ರೀತಿಯನ್ನು. ಕಂಪನಿ ಮುಚ್ಚುವಾಗ ಕಾರ್ಮಿಕರ ಭವಿಷ್ಯ ನಿಧಿ ಕಟ್ಟಿದ್ದರೇ? ಸಣ್ಣಪುಟ್ಟ ಸಾಲಗಾರರ ಬಾಕಿ ತೀರಿತೇ? ತಮ್ಮ ಷೇರನ್ನು ಮೊದಲೇ ಮಾರಿ ಹೊರಬಿದ್ದಿದ್ದರೇ? ಸ್ವತಂತ್ರ ನಿರ್ದೇಶಕರು, ಲೆಕ್ಕಪರಿಶೋಧಕರು ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟರೇ? ಕೊನೆಗೆ, ಆ ಸೋಲನ್ನು ಅವರೇ ಹೇಳಿಕೊಂಡಿದ್ದಾರೆಯೇ ಅಥವಾ ನಾವು ಹುಡುಕಿ ತೆಗೆಯಬೇಕಾಯಿತೇ?

ಅವನು ಅರ್ಜಿ ಹಾಕಲಿಲ್ಲ. ಷೇರು ಮೊದಲ ದಿನವೇ ಏರಿತು. ಹಾಕಿದವರು ಎರಡು ದಿನ ಗುಂಪಿನಲ್ಲಿ ಅವನ ಕಾಲೆಳೆದರು. ‘ಏರೂದು ಇಳಿಯೂದು ಬ್ಯಾರೆ. ಇದು ತಂಗಿ ರೊಕ್ಕ, ಯಾರ ಕೈಯಾಗ ಕೊಡ್ತೀನಿ ಅನ್ನೂದು ಬ್ಯಾರೆ’ ಎಂದು ಅವನು ಸುಮ್ಮನಾದ. ಆ ಷೇರು ಮುಂದೆ ಎತ್ತ ಹೋದರೂ ಅವನ ಈ ಲೆಕ್ಕ ತಪ್ಪಾಗುವುದಿಲ್ಲ.

ಒಂದು ಎಚ್ಚರಿಕೆ. ಒಂದೇ ಹೆಸರಿನವರು ದೇಶದಲ್ಲಿ ಸಾವಿರಾರು. ಡಿನ್ ತಾಳೆಯಾಗದೆ ಯಾರ ಮೇಲೂ ತೀರ್ಮಾನಕ್ಕೆ ಬರಬಾರದು. ಸಿಕ್ಕ ಅರ್ಧ ಮಾಹಿತಿಯನ್ನು ಗುಂಪುಗಳಲ್ಲಿ ಹರಿಬಿಡಲೂಬಾರದು. ಮೊಕದ್ದಮೆ ಇದೆ ಎಂದ ಮಾತ್ರಕ್ಕೆ ತಪ್ಪು ಸಾಬೀತಾದಂತಲ್ಲ. ಮಧ್ಯಂತರ ಆದೇಶವೇ ಬೇರೆ, ಅಂತಿಮ ಆದೇಶವೇ ಬೇರೆ.

ಊರು ಬಿಟ್ಟು ದುಡಿಯುವ ನಮಗೆ ಕೂಡಿಟ್ಟ ಹಣವೆಂದರೆ ಸೈಟು, ಮನೆಸಾಲ, ಅಪ್ಪ–ಅಮ್ಮನ ಆಸ್ಪತ್ರೆ ಖರ್ಚು. ಅದನ್ನು ಅಪರಿಚಿತರ ಕೈಗಿಡುವ ಮುನ್ನ ಒಂದು ಭಾನುವಾರ ಖರ್ಚು ಮಾಡಿದರೆ ನಷ್ಟವೇನಿಲ್ಲ. ಹುಡುಕುವಾಗ ಒಂದೇ ಪ್ರಶ್ನೆ ಎದುರಿಗಿದ್ದರೂ ಸಾಕು: ಇವರ ಹಿಂದಿನ ಹಡಗು ಮುಳುಗಿದಾಗ ಮೊದಲು ದಡ ಸೇರಿದವರು ಯಾರು?